ಕನ್ನಡ ಲಿಪಿ ಯಂತ್ರಕ್ಕೆ ಒಗ್ಗುವುದಿಲ್ಲವೇ?

ಪ್ರಶ್ನೆ: ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚುಗಾರರಾಗಿದ್ದರು. ಕನ್ನಡ ಟೈಪ್‌ರೈಟರಿನಲ್ಲಿ ಒತ್ತಕ್ಷರ ಹೊಡೆಯುವ ಕಷ್ಟವನ್ನು ಈಗಲೂ ಹೇಳುತ್ತಿರುತ್ತಾರೆ. ನಾನು ಇಪ್ಪತ್ತು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿಟ್ಟ ತೋಟದ ಲೆಕ್ಕ, ಪಾಲುಪಟ್ಟಿಗಳನ್ನು ಈಗ ತೆರೆದರೆ ಬರೀ ಅರ್ಥವಾಗದ ಗುರುತುಗಳು. ಮಗಳು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸ್‌ಆ್ಯಪ್ ಮಾಡುತ್ತಾಳೆ. ಮೂರು ತಲೆಮಾರಿಗೂ ತೊಡಕಾಗಿದೆ ಎಂದ ಮೇಲೆ ನಮ್ಮ ಲಿಪಿಯೇ ಯಂತ್ರಕ್ಕೆ ಒಗ್ಗದಷ್ಟು ಜಟಿಲವಾಗಿದೆಯೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಇಲ್ಲ. ನಿಮ್ಮ ಮನೆಯ ಮೂವರಿಗೂ ಎದುರಾದದ್ದು ಮೂರು ಬೇರೆ ಬೇರೆ ಯಂತ್ರಗಳ ಮಿತಿ, ಆದರೆ ಮೂರಕ್ಕೂ ಮೂಲ ಒಂದೇ. ಇಪ್ಪತ್ತಾರು ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಇಡುವ ಲಿಪಿಯೊಂದರ ಅಳತೆ ತೆಗೆದು ಆ ಯಂತ್ರಗಳನ್ನು ಕಟ್ಟಿದ್ದರು. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟು, ಬಿಗಿಯಾದಾಗ ನಮ್ಮ ಮೈಯಲ್ಲೇ ಐಬಿದೆ ಎಂದು ನಾವು ನಂಬಿಬಿಟ್ಟೆವು. ಈ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯಂತ್ರದ ಮಿತಿ ನಮ್ಮ ಮಾತನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನಾನು ಮೊದಲು ಕಂಡದ್ದು ಹೈಸ್ಕೂಲಿನಲ್ಲಿದ್ದಾಗ. ಅಕ್ಕನ ಲಗ್ನಪತ್ರಿಕೆ ಅಚ್ಚು ಹಾಕಿಸಲು ಅಪ್ಪನ ಜೊತೆ ನಮ್ಮೂರ ಪ್ರೆಸ್ಸಿಗೆ ಹೋಗಿದ್ದೆ. ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳು, ಅವುಗಳ ತುಂಬ ಪುಟ್ಟ ಪುಟ್ಟ ಗೂಡುಗಳು, ಗೂಡಿನೊಳಗೆ ಸೀಸದ ಮೊಳೆಗಳು. ಮೊಳೆ ಜೋಡಿಸುವವರು ಎಡಗೈಯಲ್ಲಿ ಸ್ಟಿಕ್ ಹಿಡಿದು, ಗೂಡಿನ ಕಡೆ ನೋಡದೆಯೇ ಬಲಗೈಯಿಂದ ಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದರು. ಅಪ್ಪ ಬರೆದುಕೊಟ್ಟ ಒಕ್ಕಣೆಯಲ್ಲಿ 'ನನ್ನ ಜ್ಯೇಷ್ಠ ಪುತ್ರಿ' ಎಂದಿತ್ತು. ಅಲ್ಲಿಗೆ ಬಂದಾಗ ಅವರ ಕೈ ನಿಂತಿತು. "ಯಜಮಾನ್ರೇ, ಠಕಾರದ ಒತ್ತು ಸವೆದು ಹೋಗೈತೆ, ಕಾಗದದ ಮೇಲೆ ಮೂಡಲ್ಲ. 'ಹಿರಿಯ ಮಗಳು' ಅಂತ ಹಾಕ್ಲಾ?" ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೇ ಆಗಲಿ ಎಂದರು. ಐನೂರು ಪತ್ರಿಕೆಗಳಲ್ಲಿ ಅಕ್ಕ 'ಹಿರಿಯ ಮಗಳು' ಎಂದೇ ಅಚ್ಚಾದಳು. ಕಿವಿಗೆ ಇಂಪಾದ, ಮನೆಯ ಮಾತು ಅದು. ಆದರೂ ಆ ಪದವನ್ನು ಆರಿಸಿದ್ದು ಅಪ್ಪನಲ್ಲ, ಸವೆದ ಒಂದು ಮೊಳೆ ಎಂಬುದು ನನ್ನ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಅಚ್ಚಿನ ಎಲ್ಲ ವಿಧಾನಕ್ಕೂ ಈ ತೊಡಕು ಇರಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಕೈಬರಹವೇ ಆಧಾರ. ಬರೆಯುವ ಕೈಗೆ ಯಾವ ಒತ್ತು ಬರುತ್ತದೋ ಅದು ಅಚ್ಚಿಗೂ ಬರುತ್ತದೆ. 'ಜ್ಯೇಷ್ಠ' ಎಂದು ಬರೆದರೆ 'ಜ್ಯೇಷ್ಠ' ಎಂದೇ ಮೂಡುತ್ತದೆ. ಸಾವಿರಾರು ಪ್ರತಿ ಬೇಗ ತೆಗೆಯಲು ಮೊಳೆಯಚ್ಚು ಬೇಕಾಯಿತು, ಆಗ ಒಂದೊಂದು ಆಕಾರಕ್ಕೂ ಒಂದೊಂದು ಮೊಳೆ ಎರಕ ಹೊಯ್ಯಬೇಕಾಯಿತು. ವೇಗ ಬಂತು, ಜೊತೆಗೆ ಕೈಗೆ ಇದ್ದ ಸಲೀಸು ಹೋಯಿತು. ಹೊಸ ಯಂತ್ರ ಬಂದಾಗೆಲ್ಲ ನಾವು ಮಾಡಬಹುದಾದ ಕೆಲಸಗಳು ಹೆಚ್ಚುತ್ತವೆ ಎಂದುಕೊಳ್ಳುತ್ತೇವೆ. ಒಂದು ಕಡೆ ಹೆಚ್ಚಿ ಇನ್ನೊಂದು ಕಡೆ ಕುಗ್ಗುವುದೂ ಉಂಟು.

ಈಗ ನಿಮ್ಮ ತಂದೆಯವರ ಟೈಪ್‌ರೈಟರಿಗೆ ಬರೋಣ. ಮೊದಲು ಒಂದು ಸಣ್ಣ ಲೆಕ್ಕ. ಕನ್ನಡದಲ್ಲಿ 34 ವ್ಯಂಜನ, 13 ಸ್ವರ. ಒಂದೊಂದು ವ್ಯಂಜನಕ್ಕೂ ಎಲ್ಲ ಸ್ವರ ಸೇರಿಸಿದರೆ 442 ಗುಣಿತಾಕ್ಷರ. ವ್ಯಂಜನಕ್ಕೆ ಇನ್ನೊಂದು ವ್ಯಂಜನದ ಒತ್ತು ಕೊಟ್ಟರೆ 1,156 ಜೋಡಿ, ಅವಕ್ಕೂ ಗುಣಿತ ಕಟ್ಟಿದರೆ 15,028. ಇವೆಲ್ಲ ಬಳಕೆಯಲ್ಲಿಲ್ಲ, ನಿಜ. ಆದರೆ ಇವುಗಳಲ್ಲಿ ಯಾವುದನ್ನು ಹೇಳಿದರೂ ಪೆನ್ನು ಹಿಡಿದ ಮೂರನೆಯ ಕ್ಲಾಸಿನ ಮಗು ಬರೆಯಬಲ್ಲದು. ಟೈಪ್‌ರೈಟರಿನಲ್ಲಿ ಇರುವುದು ಸಾಮಾನ್ಯವಾಗಿ 46 ಕೀಲಿ. ಶಿಫ್ಟ್ ಸೇರಿಸಿದರೆ 92 ಗುರುತು. ಅದರಲ್ಲೇ ಅಂಕಿಗಳೂ ಬರಬೇಕು, ಅಲ್ಪವಿರಾಮವೂ ಬರಬೇಕು.

ಕನ್ನಡ ಟೈಪ್‌ರೈಟರ್ ರೂಪಿಸಿದ ಅನಂತಸುಬ್ಬರಾಯರಂಥವರು ಈ ಇಕ್ಕಟ್ಟಿನೊಳಗೆ ಕನ್ನಡವನ್ನು ಕೂರಿಸಿದ್ದು ದೊಡ್ಡ ಸಾಧನೆ. ಅಕ್ಷರವನ್ನು ಬಿಡಿಭಾಗಗಳಾಗಿ ಒಡೆಯುವುದೇ ಅವರ ಉಪಾಯ: ಒಡಲು ಒಂದು ಕೀಲಿ, ತಲಕಟ್ಟು ಒಂದು, ಇಳಿ ಒಂದು, ಕೊಂಬು ಒಂದು, ಒತ್ತುಗಳು ಬೇರೆ. ಟೈಪ್‌ರೈಟರಿನಲ್ಲಿ ಕೀಲಿ ಒತ್ತಿದರೆ ಅಚ್ಚು ಹೊತ್ತ ಕಡ್ಡಿ ಎದ್ದು ರಿಬ್ಬನ್ನಿಗೆ ಬಡಿಯುತ್ತದೆ, ಕಾಗದ ಹೊತ್ತ ಕ್ಯಾರೇಜ್ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದ ಒತ್ತು ಅಕ್ಷರದ ಕೆಳಗೆ ಬರಬೇಕಾದ್ದರಿಂದ ಕೆಲವು ಕೀಲಿ ಒತ್ತಿದಾಗ ಕ್ಯಾರೇಜ್ ಸರಿಯದಂತೆ ಮಾಡಿದರು. ಟೈಪಿಂಗ್ ಕಲಿತವರು ಅವನ್ನು ಡೆಡ್ ಕೀ ಎನ್ನುತ್ತಾರೆ. 'ಸ್ತ್ರೀ' ಎಂದು ಹೊಡೆಯಬೇಕಾದಾಗ ತಕಾರದ ಒತ್ತೂ ರಕಾರದ ಒತ್ತೂ ಒಂದೇ ಕಡೆ ಬಿದ್ದು ಮಸಿ ಮುದ್ದೆಯಾಗದಂತೆ ಕೈಯಿಂದಲೇ ಕ್ಯಾರೇಜನ್ನು ಕೂದಲೆಳೆಯಷ್ಟು ಸರಿಸಿಕೊಳ್ಳುತ್ತಿದ್ದ ಬೆರಳಚ್ಚುಗಾರರನ್ನು ನಾನು ಕಂಡಿದ್ದೇನೆ. ಕಾಗದದ ಹಿಂದೆ ಕಾರ್ಬನ್ನೂ ಇದ್ದರೆ ಒಂದು ತಪ್ಪಿಗೆ ಎಲ್ಲ ಪ್ರತಿಗಳೂ ಕೆಡುತ್ತಿದ್ದವು. ನಿಮ್ಮ ತಂದೆಯವರು ಹೇಳುವ ಕಷ್ಟದಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಯಂತ್ರಕ್ಕೆ ಬಾರದ ಕೆಲಸವನ್ನು ಅವರ ಬೆರಳು ಮಾಡುತ್ತಿತ್ತು.

ಇಂಗ್ಲಿಷಿಗೂ ಈ ಯಂತ್ರ ಪೂರ್ತಿ ಸಲೀಸಾಗಿರಲಿಲ್ಲ. ಹಳೆಯ ಎಷ್ಟೋ ಮಾದರಿಗಳಲ್ಲಿ 'ಒಂದು' ಅಂಕಿಗೆ ಕೀಲಿಯೇ ಇರಲಿಲ್ಲ, ಸಣ್ಣ 'ಎಲ್' ಅಕ್ಷರವನ್ನೇ ಒತ್ತುತ್ತಿದ್ದರು. ಅದನ್ನು ಕಂಡು ಇಂಗ್ಲಿಷ್ ಭಾಷೆಗೆ ಎಣಿಕೆ ಬಾರದು ಎಂದು ಯಾರೂ ಹೇಳಲಿಲ್ಲ. ಯಂತ್ರಕ್ಕೆ ಕೀಲಿ ಸಾಲದು ಎಂದರು, ಅಷ್ಟೆ.

ನಮ್ಮ ಅಕ್ಕಪಕ್ಕದ ಭಾಷೆಗಳಲ್ಲಿ ಯಂತ್ರ ಗೆದ್ದು ಲಿಪಿ ಬಾಗಿದ್ದೂ ಇದೆ. ಕೇರಳ ಸರ್ಕಾರ 1971ರಲ್ಲಿ ಅಚ್ಚು ಮತ್ತು ಬೆರಳಚ್ಚಿನ ಅನುಕೂಲಕ್ಕೆಂದೇ ಲಿಪಿ ಸುಧಾರಣೆಯ ಆದೇಶ ಹೊರಡಿಸಿತು. ಅಚ್ಚಿಗೆ ಬೇಕಾಗುತ್ತಿದ್ದ ಸುಮಾರು 1,000 ಆಕಾರಗಳು ಸುಮಾರು 250ಕ್ಕೆ ಇಳಿದವು. ವ್ಯಂಜನದ ಮೈಗೆ ಅಂಟಿಕೊಂಡು ಬರುತ್ತಿದ್ದ ಉಕಾರ ಕಳಚಿ ಪಕ್ಕಕ್ಕೆ ಬಂದು ನಿಂತಿತು. ತಮಿಳುನಾಡಿನಲ್ಲಿ 1978ರಲ್ಲಿ ಪೆರಿಯಾರರು ಮೊದಲಿನಿಂದ ಬಳಸುತ್ತಿದ್ದ ಸುಧಾರಿತ ರೂಪಗಳನ್ನು ಸರ್ಕಾರ ಒಪ್ಪಿ, ಕೆಲವು ಅಕ್ಷರಗಳಿಗಿದ್ದ ವಿಶೇಷ ಆಕಾರಗಳನ್ನು ಕೈಬಿಟ್ಟಿತು. ಕನ್ನಡದಲ್ಲಿ ಇಷ್ಟು ದೊಡ್ಡ ಕತ್ತರಿ ಬೀಳಲಿಲ್ಲ. ಮಲಯಾಳದ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಅದರ ಮುಂದಿನ ಭಾಗವನ್ನು. ಕಂಪ್ಯೂಟರ್ ಬಂದ ಮೇಲೆ ಎಷ್ಟು ಆಕಾರ ಬೇಕಾದರೂ ಇಡಬಹುದಾಯಿತು; 1999ರಲ್ಲಿ 'ರಚನಾ' ಎಂಬ ಗುಂಪು ಹಳೆಯ ಲಿಪಿಯನ್ನು ಪೂರ್ತಿಯಾಗಿ ಮರಳಿ ತರುವ ಕೆಲಸಕ್ಕೆ ಇಳಿಯಿತು. ಅಷ್ಟರಲ್ಲಿ ಹೊಸ ಲಿಪಿ ಕಲಿತ ಒಂದು ತಲೆಮಾರೇ ಬೆಳೆದುನಿಂತಿತ್ತು. ಯಂತ್ರ ಗುಜರಿಗೆ ಹೋದರೂ ಅದು ಹಾಕಿದ ಗೆರೆ ಜನರ ಕೈಯಲ್ಲಿ ಉಳಿದುಬಿಟ್ಟಿತ್ತು.

ಇನ್ನು ನಿಮ್ಮ ಕಂಪ್ಯೂಟರ್ ಕಡತಗಳು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದ ಬೇಕು. ಅಮೆರಿಕದಲ್ಲಿ 1963ರಲ್ಲಿ ಆದ ಆಸ್ಕಿ ಎಂಬ ಒಪ್ಪಂದದಲ್ಲಿ ಇದ್ದದ್ದು 128 ಮನೆ, ಎಲ್ಲವೂ ಇಂಗ್ಲಿಷಿಗೆ. ಮುಂದೆ ಅದು 256 ಮನೆಗೆ ಹಿಗ್ಗಿತು, ಹೊಸ ಮನೆಗಳಿಗೆ ಯುರೋಪಿನ ಅಕ್ಷರಗಳು ಬಂದವು. ಕನ್ನಡಕ್ಕೆ ಮನೆಯೇ ಇಲ್ಲ. ಆಗ ಕನ್ನಡಕ್ಕೆ ತಂತ್ರಾಂಶ ಮಾಡಿದವರು ಬೇರೆ ದಾರಿ ಕಾಣದೆ ಆ ಮನೆಗಳಲ್ಲೇ ಕನ್ನಡದ ಬಿಡಿಭಾಗಗಳನ್ನು ಬಾಡಿಗೆಗೆ ಇರಿಸಿದರು. ಟೈಪ್‌ರೈಟರಿನಂತೆ ಇಲ್ಲೂ ಒಡಲು ಬೇರೆ, ತಲಕಟ್ಟು ಬೇರೆ, ಒತ್ತು ಬೇರೆ.

ಒಂದು ಪದವನ್ನು ಹತ್ತಿರದಿಂದ ನೋಡಿ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕಕಾರದ ಒಡಲು ಇರುವುದು ಇಂಗ್ಲಿಷಿನ 'ಪಿ' ಅಕ್ಷರದ ಮನೆಯಲ್ಲಿ. ನಕಾರದ ಒಡಲು ಬ್ರಿಟನ್ನಿನ ಪೌಂಡ್ ಹಣದ ಗುರುತಿನ ಮನೆಯಲ್ಲಿ. ತಲಕಟ್ಟು ಇರುವುದು ನೆತ್ತಿಯ ಮೇಲೆ ಗೆರೆ ಹೊತ್ತ 'ಎ' ಅಕ್ಷರದ ಮನೆಯಲ್ಲಿ. ಫಾಂಟ್ ಇದ್ದರೆ ಕಣ್ಣಿಗೆ 'ಕನ್ನಡ' ಎಂದೇ ಕಾಣುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮನೆಯ ಮೂಲ ಒಡೆಯರು ಹೊರಗೆ ಬರುತ್ತಾರೆ: 'ಕನ್ನಡ' ಎಂಬ ಪದದ ನಡುವೆ ಪೌಂಡಿನ ಗುರುತು! ನಿಮ್ಮ ಪಾಲುಪಟ್ಟಿಯಲ್ಲಿ ಕಾಣುವ ಗೋಜಲು ಇದೇ. ಕಡತ ಕೆಟ್ಟಿಲ್ಲ. ಅದರೊಳಗೆ ಕನ್ನಡ ಇದೆ ಎಂಬುದು ಕಂಪ್ಯೂಟರಿಗೆ ಯಾವತ್ತೂ ಗೊತ್ತಿರಲಿಲ್ಲ, ಅಷ್ಟೆ.

ಇದರಿಂದ ಆದ ನಷ್ಟ ಬರೀ ಕಣ್ಣಿಗೆ ಸಂಬಂಧಿಸಿದ್ದಲ್ಲ. ಅಕ್ಷರ ಯಾವುದೆಂದು ಗೊತ್ತಿಲ್ಲದ ಕಂಪ್ಯೂಟರು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಕೊಡಲಾರದು, ಸಾವಿರ ಪುಟದಲ್ಲಿ ಒಂದು ಪದ ಹುಡುಕಿಕೊಡಲಾರದು, ಕಾಗುಣಿತದ ತಪ್ಪು ತೋರಿಸಲಾರದು. ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಕಂಪ್ಯೂಟರ್ ಗುಮಾಸ್ತನಂತೆ ದುಡಿಯುತ್ತಿದ್ದ ಕಾಲದಲ್ಲಿ ಕನ್ನಡದವರಿಗೆ ಅದು ಅಂದವಾದ ಟೈಪ್‌ರೈಟರ್ ಆಗಿ ಮಾತ್ರ ಉಳಿಯಿತು.

ಗಂಟು ಬಿಚ್ಚಿಕೊಂಡದ್ದು ಪ್ರಶ್ನೆಯನ್ನೇ ಬದಲಾಯಿಸಿದಾಗ. ಕನ್ನಡಕ್ಕೆ ಎಷ್ಟು ಆಕಾರ ಬೇಕು ಎಂದು ಕೇಳಿದರೆ ಉತ್ತರ ಸಾವಿರಾರು. ಎಷ್ಟು ಧ್ವನಿ ಬೇಕು ಎಂದು ಕೇಳಿದರೆ ಉತ್ತರ ಒಂದನೆಯ ಕ್ಲಾಸಿನ ಗೋಡೆಯ ಮೇಲೇ ಇದೆ: ವರ್ಣಮಾಲೆಯ 49. ಅವುಗಳ ಜೊತೆಗೆ ವ್ಯಂಜನ ವ್ಯಂಜನಗಳನ್ನು ಬೆಸೆಯುವ ಒಂದು ಹಲಂತ ಇದ್ದರೆ ಹದಿನೈದು ಸಾವಿರವನ್ನೂ ಕಟ್ಟಬಹುದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ನಿಂತಿರುವುದು ಈ ತಿಳಿವಿನ ಮೇಲೆ. 'ಕೆ' ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ಎರಡು ವ್ಯಂಜನಗಳ ನಡುವೆ 'ಎಫ್' ಒತ್ತಿದರೆ ಎರಡನೆಯದು ತಾನಾಗಿ ಒತ್ತಾಗುತ್ತದೆ. ಬೇರೆ ಬೇರೆ ಒತ್ತುಗಳಿಗೆ ಬೇರೆ ಬೇರೆ ಕೀಲಿ ಬೇಕಿಲ್ಲ. ಕರ್ನಾಟಕ ಸರ್ಕಾರ ಇದನ್ನೇ ಅಧಿಕೃತ ವಿನ್ಯಾಸವಾಗಿ ಒಪ್ಪಿಕೊಂಡಿತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಒಪ್ಪಂದವಾದ ಯೂನಿಕೋಡ್ ಇದೇ ತಿಳಿವನ್ನು ಸಂಗ್ರಹಕ್ಕೂ ತಂದಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ಮನೆಗಳು ದೊರೆತವು. 'ಸ್ತ್ರೀ' ಎಂಬುದು ಅಲ್ಲಿ ಆರು ಸಂಕೇತ: ಸ, ಹಲಂತ, ತ, ಹಲಂತ, ರ, ಈಕಾರ. ಅದನ್ನು ಕಣ್ಣಿಗೆ ಹೇಗೆ ಕಾಣಿಸಬೇಕು ಎಂಬುದು ಫಾಂಟಿನ ಹೊಣೆ. ಕಾಗದದ ಮೇಲೆ ಒಪ್ಪಂದ ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ 'ತುಂಗಾ' ಫಾಂಟ್ ಬಂದ ಮೇಲೆ ಯೂನಿಕೋಡ್ ಕನ್ನಡ ಸಾಮಾನ್ಯರ ಕಂಪ್ಯೂಟರಿಗೆ ಇಳಿಯತೊಡಗಿತು. ಅದಾಗಿ ಸುಮಾರು ಹತ್ತು ವರ್ಷ ಕಳೆದರೂ ಅನೇಕ ಮೊಬೈಲುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳೇ ಕಾಣುತ್ತಿದ್ದವು.

ಯೂನಿಕೋಡಿಗೂ ತನ್ನದೇ ಗೆರೆಗಳಿವೆ. ಹಳಗನ್ನಡದ 'ೞ' ಅಕ್ಷರವನ್ನು ಸೇರಿಸುವಾಗ ಯಾರದೋ ತಪ್ಪಿನಿಂದ ಅದಕ್ಕೆ 'ಫ' ಎಂಬ ಅರ್ಥದ ಇಂಗ್ಲಿಷ್ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ನಿಯಮ. ಜಗತ್ತಿನ ಎಲ್ಲ ಕಡತಗಳೂ ಸ್ಥಿರವಾಗಿರಲಿ ಎಂಬ ಒಳ್ಳೆಯ ಕಾರಣಕ್ಕೇ ಆ ನಿಯಮ ಇದೆ. ಹಾಗಾಗಿ ತಪ್ಪು ಹೆಸರು ಹಾಗೇ ನಿಂತಿದೆ, ಪಕ್ಕದಲ್ಲಿ ಸರಿಯಾದ ಅಡ್ಡಹೆಸರೊಂದನ್ನು ಇಟ್ಟಿದ್ದಾರೆ. ಶಾಸನಗಳಲ್ಲಿ, ಹಸ್ತಪ್ರತಿಗಳಲ್ಲಿ ಸಿಗುವ ನಕಾರ ಪೊಲ್ಲುವಿಗೆ, ಅಂದರೆ ಸ್ವರವಿಲ್ಲದ ನಕಾರದ ಗುರುತಿಗೆ, ಮನೆ ಸಿಕ್ಕಿದ್ದು 2021ರಲ್ಲಿ. ಅಲ್ಲಿಯವರೆಗೆ ಶಾಸನದ ಪಾಠವನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಬೇಕೆಂದವರಿಗೆ ಆ ಒಂದು ಗುರುತು ಇರಲೇ ಇಲ್ಲ.

ಕೊನೆಗೆ ನಿಮ್ಮ ಮಗಳ ವಿಷಯ. ಅವಳ ಅಭ್ಯಾಸದ ಬೇರು ಎಸ್ಸೆಮ್ಮೆಸ್ಸಿನಲ್ಲಿದೆ. ಒಂದು ಎಸ್ಸೆಮ್ಮೆಸ್ ಎಂದರೆ 140 ಬೈಟುಗಳ ಒಂದು ಚೀಲ. ಇಂಗ್ಲಿಷಿನ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ ಅದರಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡದ ಒಂದೊಂದು ಸಂಕೇತಕ್ಕೂ ಎರಡು ಬೈಟ್ ಬೇಕಾದ್ದರಿಂದ 70 ಮಾತ್ರ. ಒಂದು ಸಾಲು ಎಣಿಸಿ ನೋಡಿದೆ: 'ಅಮ್ಮ, ನಾನು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇದ್ದೇನೆ, ಅಪ್ಪನಿಗೆ ಹೇಳು'. ಕನ್ನಡದಲ್ಲಿ ಬರೆದರೆ ಹಲಂತ, ಸ್ವರಚಿಹ್ನೆ, ಖಾಲಿ ಜಾಗ ಎಲ್ಲ ಸೇರಿ 60 ಸಂಕೇತ. ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 58. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ! ಆದರೆ ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ನೂರಕ್ಕೆ ಜಾಗ ಮಿಕ್ಕಿರುತ್ತದೆ, ಕನ್ನಡದಲ್ಲಿ ಹತ್ತಕ್ಕೆ. ಇನ್ನೊಂದು ಮಾತು ಸೇರಿಸಿದರೆ ಎರಡನೆಯ ಮೆಸೇಜಿನ ದುಡ್ಡು. ಆಗ ಕೈಯಲ್ಲಿದ್ದ ಫೋನಿನಲ್ಲಿ ಕನ್ನಡ ಕೀಲಿಮಣೆ ಇರಲಿಲ್ಲ, ಕಳಿಸಿದರೂ ಆಚೆಯವರ ಫೋನಿನಲ್ಲಿ ಬರೀ ಚೌಕಗಳು. ಆ ಕಾಲದ ಹುಡುಗ ಹುಡುಗಿಯರು ಕಂಡುಕೊಂಡ ದಾರಿ ಇಂಗ್ಲಿಷ್ ಅಕ್ಷರ. ಅದು ಜಾಣತನವೇ, ಅದಕ್ಕಾಗಿ ಅವರನ್ನು ಜರೆಯುವುದು ತಪ್ಪು.

ಆದರೆ ಇಂದು ವಾಟ್ಸ್‌ಆ್ಯಪಿನಲ್ಲಿ ಎಪ್ಪತ್ತರ ಗೆರೆ ಇಲ್ಲ, ಫೋನಿನಲ್ಲಿ ಕನ್ನಡದ ಕೀಲಿಮಣೆ ಇದೆ, ಮಾತಾಡಿದರೆ ಬರೆದುಕೊಳ್ಳುವ ಸೌಕರ್ಯವೂ ಇದೆ. ಗೋಡೆ ಬಿದ್ದು ಎಷ್ಟೋ ವರ್ಷವಾದರೂ ನಾವು ಬಳಸುದಾರಿಯಲ್ಲೇ ನಡೆಯುತ್ತಿದ್ದೇವೆ, ನಡೆಯುತ್ತ ಏನನ್ನು ಬಿಟ್ಟು ಬರುತ್ತಿದ್ದೇವೆ ಎಂಬುದನ್ನು ಗಮನಿಸುತ್ತಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಬೆಳೆ, ಬೆಲೆ, ಬೇಳೆ ಮೂರಕ್ಕೂ ಒಂದೇ ನಾಲ್ಕು ಅಕ್ಷರ. ಕೊಬ್ಬರಿ ಮಾರುಕಟ್ಟೆಯ ಊರಿನವರಾದ ನಿಮಗೆ 'ಬೆಳೆ ಇದೆ, ಬೆಲೆ ಇಲ್ಲ' ಎಂಬ ಮಾತಿನ ನೋವು ಗೊತ್ತು. ಆ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇದ್ದದ್ದೂ ಇಲ್ಲದ್ದೂ ಒಂದೇ ಪದವಾಗಿಬಿಡುತ್ತದೆ.

ಇದೇ ಕಥೆ ಈಗ ಹೊಸ ರೂಪದಲ್ಲಿ ಮತ್ತೆ ಬರುತ್ತಿದೆ. ಇಂದು ಅಂತರ್ಜಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಂಗ್ರಹ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಪದಗಳನ್ನು ತುಣುಕು ಮಾಡಿ ಓದುತ್ತವೆ. ಹೆಚ್ಚಾಗಿ ಇಂಗ್ಲಿಷ್ ಓದಿ ಬೆಳೆದ ಆ ಮಾದರಿಗಳಲ್ಲಿ ಕನ್ನಡದ ಪದ ಹೆಚ್ಚು ಚೂರಾಗುತ್ತದೆ. ನಾಳೆ ಯಾರಾದರೂ 'ಕನ್ನಡ ಈ ಯಂತ್ರಕ್ಕೆ ಕಷ್ಟದ ಭಾಷೆ' ಎಂದರೆ, ಆ ಯಂತ್ರದ ಅಳತೆ ಯಾರದು ಎಂದು ಕೇಳಬೇಕು. ಅಳತೆ ಬದಲಿಸಬಹುದು ಎಂಬುದನ್ನು ನಾವು ಈಗಾಗಲೇ ಒಮ್ಮೆ ಕಂಡಿದ್ದೇವೆ.

ನೀವು ಮಾಡಬಹುದಾದ ಕೆಲಸ ಹೇಳುತ್ತೇನೆ. ಹಳೆಯ ಕಡತಗಳನ್ನು ಅಳಿಸಬೇಡಿ. ಅವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಮೂಲ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡು ಪರಿವರ್ತಿಸಿ. ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. 'ಕರ್ನಾಟಕ' ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಆದರೆ ಬರೆಯುವಾಗ 'ನಾ' ಆದ ಮೇಲೆ ಬರುತ್ತದೆ. ಹಳೆಯ ಫಾಂಟು ಅದನ್ನು ಬರೆದ ಕ್ರಮದಲ್ಲಿ ಇಡುತ್ತಿತ್ತು, ಯೂನಿಕೋಡ್ ಕೇಳಿಸುವ ಕ್ರಮದಲ್ಲಿ ಇಡುತ್ತದೆ. ತಪ್ಪು ನುಸುಳುವುದು ಆ ಜಾಗದಲ್ಲೇ. ಸೊನ್ನೆ ಅಂಕಿಗೂ ಅನುಸ್ವಾರಕ್ಕೂ, ಒಂಬತ್ತಕ್ಕೂ ಅರ್ಕಾವೊತ್ತಿಗೂ ಅದಲುಬದಲಾಗಿದೆಯೇ ನೋಡಿ. ಕಣ್ಣಿಗೆ ಒಂದೇ ಥರ ಕಂಡರೂ ಹುಡುಕುವಾಗ ಆ ಪದ ಸಿಗುವುದಿಲ್ಲ. ಪಾಲುಪಟ್ಟಿಯಂಥ ದಾಖಲೆಯಲ್ಲಿ ಅಂಕಿಗಳನ್ನೆಲ್ಲ ಕಾಗದದ ಪ್ರತಿಯೊಂದಿಗೆ ತಾಳೆ ನೋಡಿ.

ಈ ತಾಳೆ ನೋಡುವ ಕೆಲಸಕ್ಕೆ ನಿಮ್ಮ ತಂದೆಯವರನ್ನೂ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಒತ್ತು ಎಲ್ಲಿ ಜಾರಿದೆ ಎಂದು ತಂದೆಯವರ ಕಣ್ಣು ಥಟ್ಟನೆ ಹಿಡಿಯುತ್ತದೆ, ತಿದ್ದುವುದು ಮಗಳ ಬೆರಳಿಗೆ ಸಲೀಸು. ಕ್ಯಾರೇಜ್ ಸರಿಸಿ ಸರಿಸಿ ಅವರು ಕೂರಿಸುತ್ತಿದ್ದ 'ಸ್ತ್ರೀ' ಮೊಮ್ಮಗಳ ಫೋನಿನಲ್ಲಿ ಒಂದು ತೊಡಕೂ ಇಲ್ಲದೆ ಮೂಡುವುದನ್ನು ಅವರು ನೋಡಲಿ. ಅಷ್ಟು ವರ್ಷ ತಾವು ಹೋರಾಡಿದ್ದು ಲಿಪಿಯೊಂದಿಗಲ್ಲ ಎಂಬುದು ಅವರಿಗೆ ಗೊತ್ತಾಗಬೇಕು.